ಕತ್ತಿ ಮನೆಯದ್ದು, ಚಾಕು ಯಾರದ್ದು?

ನಮ್ಮ ಕಡೆ ಯಾರ ಮನೆ ಅಂಗಳಕ್ಕೆ ಹೋಗಿ "ಒಂದ್ ಕತ್ತಿ ಕೊಡಿ ಕಾಂಬ" ಅಂದ್ರೂ ಮರುಮಾತಿಲ್ಲದೆ ಕೊಡ್ತಾರೆ. ಅದೇ ಗಂಡಸಿನ ಕಿಸೆಯಲ್ಲಿರುವ ಒಳ್ಳೆ ಚಾಕು ಕೇಳಿ ನೋಡಿ. ಮೊದಲು ಬರುವ ಮಾತು "ಎಂತಕೆ?" ಅಂತ. ಕೇಳಿದ್ದು ಹೆಂಡತಿಯಾದ್ರೆ ಆ "ಎಂತಕೆ" ಇನ್ನೂ ಸ್ವಲ್ಪ ಉದ್ದ ಆಗ್ತದೆ. ಕುಂದಾಪುರದಿಂದ ಬೈಂದೂರಿನ ತನಕ, ಇತ್ಲಾಗೆ ಬ್ರಹ್ಮಾವರದ ತನಕ, ಹಿತ್ಲಿನ ಕೆಲಸದ ಮುಕ್ಕಾಲು ಪಾಲು ಹೆಂಗಸರ ಕೈಯಲ್ಲಿದೆ. ಆದರೆ ಮನೆಯಲ್ಲಿ ಹರಿತವಾದ ಸಣ್ಣ ಅಲಗು ಇರುವುದು ಒಂದೇ, ಅದೂ ಗಂಡಸಿನ ಹತ್ತಿರ. ಇದು ಹೀಗೆ ಆದದ್ದು ಹೇಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೀತೇನೆ. ಉದ್ದ ಇದೆ, ಪುರಸೊತ್ತು ಮಾಡಿಕೊಂಡು ಓದಿ.

ಮೊದಲು ಗಂಡಸರ ಪರವಾಗಿ ಒಂದು ಮಾತು. ಆ "ಎಂತಕೆ" ಬರೀ ಜಿಪುಣತನ ಅಲ್ಲ. ಕಸಿ ಕಟ್ಟುವ ಚಾಕುವಿಗೆ ಒಂದು ಬದಿ ಮಾತ್ರ ಮಸೆದಿರುತ್ತಾರೆ, ಇನ್ನೊಂದು ಬದಿ ಚಪ್ಪಟೆ. ಗೇರಿನ ಕಸಿ ಕಟ್ಟುವವರಿಗೆ ಇದು ಯಾಕೆ ಅಂತ ಗೊತ್ತು. ಎರಡು ತಿಂಗಳ ಆಸುಪಾಸಿನ ಬೀಜದ ಸಸಿಯ ತಲೆ ಕತ್ತರಿಸಿ, ಕಾಂಡದ ನಡುವೆ ಐದಾರು ಸೆಂಟಿಮೀಟರ್ ಸೀಳಬೇಕು. ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಕೆತ್ತಿ ಬೆಣೆಯ ಆಕಾರಕ್ಕೆ ತಂದು ಆ ಸೀಳಿನೊಳಗೆ ಕೂರಿಸಬೇಕು. ಕೆತ್ತಿದ ಮೈ ಕನ್ನಡಿಯಷ್ಟು ಸಪಾಟಾಗಿದ್ದರೆ ಮಾತ್ರ ತೊಗಟೆಯ ಕೆಳಗಿನ ಹಸಿ ಪದರಗಳು ಒಂದಕ್ಕೊಂದು ತಾಗಿ ಹಿಡಿಯುತ್ತವೆ. ಎರಡೂ ಬದಿ ಮಸೆದ ಅಡುಗೆಮನೆ ಚೂರಿ ಕಡ್ಡಿಯೊಳಗೆ ಬಾಗಿ ಇಳಿಯುತ್ತದೆ, ಕೆತ್ತಿದ ಮೈ ದೋಣಿಯ ಹೊಟ್ಟೆಯ ಹಾಗೆ ಗುಂಡಗಾಗುತ್ತದೆ. ನಡುವೆ ಗಾಳಿ ನಿಂತು ಕಡ್ಡಿ ಒಣಗುತ್ತದೆ. ಇಂಥ ಚಾಕುವಿನಲ್ಲಿ ಗೊಬ್ಬರದ ಚೀಲದ ದಾರ ಕೊಯ್ದು, ಸೇವಂತಿಗೆ ಗೂಟ ಕೆತ್ತಿ, ಕಲ್ಲಿನ ಕಟ್ಟೆ ಮೇಲೆ ಇಟ್ಟು ಬಾಳೆ ನಾರು ಸೀಳಿದರೆ ಅಲಗಿನ ತುದಿ ಹಲ್ಲು ಬೀಳುತ್ತದೆ. ಮತ್ತೆ ಅದನ್ನು ಹದಕ್ಕೆ ತರಲು ಅರ್ಧ ದಿನ ಬೇಕು.

ಹಾಗಂತ ಹೆಂಗಸರ ಕೆಲಸವೇನು ಒರಟು ಕೆಲಸವಾ? ಮಲ್ಲಿಗೆ ಲೆಕ್ಕ ಕಾಣಿ. ಉಡುಪಿ ಮಲ್ಲಿಗೆಯ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3200 ಮೊಗ್ಗು, ಎಲ್ಲವನ್ನೂ ಬಾಳೆ ನಾರಿನಲ್ಲೇ ಕಟ್ಟಬೇಕು. ನಾರನ್ನು ಎಳೆ ಎಳೆಯಾಗಿ ಸೀಳಬೇಕು, ಗಿಡದ ಹಳೆ ರೆಂಬೆಯನ್ನು ಸಿಗಿಯದ ಹಾಗೆ ಸವರಬೇಕು. ಹೆಮ್ಮಾಡಿಯ ಸೇವಂತಿಗೆ ಗದ್ದೆಗಳಲ್ಲಿ ಮಕರ ಸಂಕ್ರಾಂತಿಯ ಹೊತ್ತಿಗೆ, ಮಾರಣಕಟ್ಟೆ ಹಬ್ಬಕ್ಕೆ ಹೂ ತಯಾರು ಮಾಡುವವರಲ್ಲಿ ಹೆಂಗಸರೇ ಹೆಚ್ಚು. ನಾನು ಕಂಡ ನರ್ಸರಿಗಳಲ್ಲಿ ಗೇರು ಕಸಿ ಕಟ್ಟುವ ಕೈಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಬಳೆ ಇರುವ ಕೈಗಳೇ. ಅವರು ಅಲ್ಲಿ ಕೆಲಸ ಮಾಡುವುದು ನರ್ಸರಿಯವರು ಕೊಟ್ಟ ಅಲಗಿನಲ್ಲಿ, ಇಲ್ಲದಿದ್ದರೆ ಗಡ್ಡ ಮಾಡುವ ಬ್ಲೇಡಿನ ತುಂಡಿನಲ್ಲಿ. ಮನೆಗೆ ಬಂದರೆ ಗಂಡನ ಚಾಕು ಕೇಳಬೇಕು.

ಈಗ ಹಳೇ ಕಥೆಗೆ ಬರುವ.

ಹೆಸರುಗಳಲ್ಲೇ ಅರ್ಧ ಚರಿತ್ರೆ ಇದೆ. ಕತ್ತಿ ನಮ್ಮದೇ ದ್ರಾವಿಡ ಮಾತು. ತಮಿಳು, ಮಲಯಾಳ, ತುಳು, ತೆಲುಗು ಎಲ್ಲ ಕಡೆ ಇದೆ. ಚೂರಿ ಸಂಸ್ಕೃತದ ಛುರಿಕೆಯ ಕಡೆಯಿಂದ ಬಂದದ್ದು. ಹಳಗನ್ನಡದ ಸುರಗಿ, ತುಳುವಿನ ಸುರಿಯ ಎಲ್ಲ ಅದರ ದಾಯಾದಿಗಳೇ. ಗರಡಿಗಳಲ್ಲಿ ಕೋಟಿ ಚೆನ್ನಯರ ಸುರಿಯವನ್ನು ಇವತ್ತಿಗೂ ಪೂಜೆಯಲ್ಲಿಟ್ಟಿದ್ದಾರಲ್ಲ, ಅದು. ಚಾಕು ಮಾತ್ರ ಪರ್ಷಿಯನ್ ದಾರಿಯಲ್ಲಿ ಬಂದ ಮಾತು. ಇನ್ನೊಂದು ಮಾತಿದೆ, ಪೀಶಕತ್ತಿ. ದಕ್ಷಿಣ ಕನ್ನಡದ ಕಡೆ ಸಣ್ಣ ಕತ್ತಿಗೆ ಹಾಗೆ ಹೇಳ್ತಾರೆ. ಮಲಯಾಳದಲ್ಲಿ ಅದು ಪಿಚ್ಚಾತ್ತಿ, ಕೊಡಗಿನಲ್ಲಿ ಪೀಚೆಕತ್ತಿ. ಕೊಡವ ಗಂಡಸರು ಕುಪ್ಯದ ಮೇಲೆ ಕೆಂಪು ಚೇಲೆ ಬಿಗಿದು, ಮುಂದೆ ಸಿಕ್ಕಿಸಿಕೊಳ್ಳುವ ಬೆಳ್ಳಿ ಕಟ್ಟಿನ ಪೀಚೆಕತ್ತಿಯನ್ನು ಮದುವೆ ಫೋಟೋಗಳಲ್ಲಿ ಎಲ್ಲರೂ ಕಂಡಿರ್ತೀರಿ. ಹೀಗೆ ಹೆಸರು ಒಂದೇ. ಕೊಡಗಿನಲ್ಲಿ ಅದು ಗಂಡಸಿನ ಗೌರವ, ನಮ್ಮಲ್ಲಿ ತರಕಾರಿ ಹೆಚ್ಚುವ ಸಾಮಾನು.

ಸೊಂಟದ ಅಲಗು ಗಂಡಸಿನದ್ದು ಅನ್ನುವುದು ಕಲ್ಲಿನಲ್ಲೂ ಕೆತ್ತಿದೆ. ಬಾರ್ಕೂರಿನ ಕಡೆ ಹೋದಾಗ ವೀರಗಲ್ಲುಗಳನ್ನು ಸ್ವಲ್ಪ ಹತ್ತಿರದಿಂದ ಕಾಣಿ. ಕೈಯಲ್ಲಿ ಕತ್ತಿ, ಬಿಲ್ಲು, ಗುರಾಣಿ ಏನೇ ಇರಲಿ, ಹೆಚ್ಚಿನ ಕಲ್ಲುಗಳಲ್ಲಿ ವೀರನ ಸೊಂಟದಲ್ಲಿ ಒಂದು ಸಣ್ಣ ಬಾಕು ಸಿಕ್ಕಿಸಿರುತ್ತಾರೆ. ಕರ್ನಾಟಕದ ಉದ್ದಗಲಕ್ಕೆ ಸಿಗುವ ಮಹಾಸತಿ ಕಲ್ಲುಗಳಲ್ಲಿ ಹೆಣ್ಣಿನ ಕೈ ಮಾತ್ರ ಕಾಣುತ್ತದೆ. ಬಳೆ ತೊಟ್ಟು ಮೇಲಕ್ಕೆತ್ತಿದ ಕೈ, ಬೆರಳ ನಡುವೆ ನಿಂಬೆಹಣ್ಣು. ಆ ನಿಂಬೆಹಣ್ಣು ಕೊಯ್ಯುವ ಚೂರಿ ಸಹ ಆ ಕೈಗೆ ಕೊಟ್ಟಿಲ್ಲ ನೋಡಿ.

ಕಬ್ಬಿಣಕ್ಕೆ ಈ ಕರಾವಳಿಯಲ್ಲಿ ಬರ ಇತ್ತು ಅಂತ ಹೇಳುವ ಹಾಗಿಲ್ಲ. 1500ರ ನಂತರದ ಮೊದಲ ದಶಕಗಳಲ್ಲಿ ಇಲ್ಲಿ ಓಡಾಡಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ಭಟ್ಕಳದ ಬಂದರಿನಿಂದ ಹೊರದೇಶಕ್ಕೆ ಹೋಗುವ ಸರಕಿನಲ್ಲಿ ಅಕ್ಕಿ, ಸಕ್ಕರೆಯ ಜೊತೆ ಕಬ್ಬಿಣವನ್ನೂ ಹೇಳ್ತಾನೆ. ಬೈಂದೂರು ದಾಟಿದರೆ ಭಟ್ಕಳ, ದೂರವೇನಲ್ಲ. ಕಬ್ಬಿಣ ಘಟ್ಟದ ಮೇಲಿನಿಂದ ಇಳಿದು ಬರುತ್ತಿತ್ತು. ನಮ್ಮ ಬಸ್ರೂರು ಅಕ್ಕಿಯ ಬಂದರು. ಆ ಅಕ್ಕಿಗಾಗಿಯೇ ಪೋರ್ಚುಗೀಸರು 1569ರಲ್ಲಿ ಅಲ್ಲಿ ಕೋಟೆ ಹಿಡಿದರು. ಮುಂದೆ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಅವರ ಕೈಯಿಂದ ಹೋಯಿತು, 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಬಸ್ರೂರನ್ನು ಲೂಟಿ ಮಾಡಿದ. ಇದೆಲ್ಲ ನಮ್ಮ ಮಕ್ಕಳಿಗೂ ಗೊತ್ತಿರುವ ಕಥೆ. ಚಾಕುವಿಗೆ ಸಂಬಂಧಪಟ್ಟದ್ದು ಬೇರೆ ಉಂಟು. ಗೇರು ಗಿಡ ಈ ಕರಾವಳಿಗೆ ಬಂದದ್ದು ಪೋರ್ಚುಗೀಸರಿಂದ. ಮಾವಿಗೆ ಕಸಿ ಕಟ್ಟಿ ಒಂದೇ ರುಚಿಯ ಹಣ್ಣನ್ನು ತಲೆಮಾರುಗಟ್ಟಲೆ ಉಳಿಸುವ ಕೆಲಸ ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಮಟ್ಟಕ್ಕೆ ಬೆಳೆದದ್ದೂ ಗೋವೆಯಲ್ಲಿ ಅವರ ಕಾಲದಲ್ಲೇ. ಆಪೂಸು ಅನ್ನುವ ಹೆಸರೇ ಪೋರ್ಚುಗೀಸ್ ಹೆಸರು. ಬೀಜ ಹಾಕಿ ಮರ ಮಾಡುವವನಿಗೆ ಕತ್ತಿ ಸಾಕು. ಕಸಿ ಕಟ್ಟುವವನಿಗೆ ಸಣ್ಣ, ತೆಳು, ಹರಿತದ ಅಲಗು ಬೇಕೇ ಬೇಕು.

ಮಡಚುವ ಚಾಕು ಎಲ್ಲಿಂದ ಬಂತು? ಹೆಚ್ಚಿನವರು ಬ್ರಿಟಿಷರ ಜೊತೆ ಅಂತ ಹೇಳ್ತಾರೆ. ಪೂರ್ತಿ ಸರಿಯಲ್ಲ. ಓಲೆಗರಿ ಕಾಲದ ಕಂಟ ಇದೆಯಲ್ಲ, ಕಬ್ಬಿಣದ ಚೂಪು ಲೇಖನಿ, ಅದರ ಹಿಡಿಯಲ್ಲೇ ಮಡಚಿ ಕೂರುವ ಸಣ್ಣ ಅಲಗು ಇರುವ ನಮೂನೆಗಳು ದಕ್ಷಿಣ ಭಾರತದಲ್ಲಿ ಬಳಕೆಯಲ್ಲಿದ್ದವು. ಗರಿಯನ್ನು ಅಳತೆಗೆ ಕೊಯ್ಯುವುದು ಅಲಗಿನಲ್ಲಿ, ಬರೆಯುವುದು ಕಂಟದಲ್ಲಿ. ಇಂಗ್ಲಿಷರ ಸಣ್ಣ ಚಾಕುವಿನ ಕಥೆಯೂ ಹಾಗೇ. ಹಕ್ಕಿಗರಿಯ ಲೇಖನಿಯ ತುದಿ ಚೂಪು ಮಾಡಲಿಕ್ಕೆ ಹುಟ್ಟಿದ ಚಾಕು ಅದು, ಆ ಕೆಲಸದ ಹೆಸರೇ ಅದಕ್ಕೆ ನಿಂತಿತು. ಅಂದರೆ ಕಿಸೆಯ ಚಾಕು ಮೊದಲು ಲೆಕ್ಕ ಬರೆಯುವವರ ಸಾಮಾನು. ಶ್ಯಾನುಭಾಗರದ್ದು, ಗುಮಾಸ್ತರದ್ದು. ಗದ್ದೆಯವನಿಗೆ ಬಂದದ್ದು ಆಮೇಲೆ. ಬರೆಯುವ ಕೆಲಸ ಗಂಡಸರ ಕೈಯಲ್ಲಿತ್ತು, ಹಾಗಾಗಿ ಚಾಕುವೂ ಅವರ ಕೈಯಲ್ಲೇ ಉಳಿಯಿತು.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕುಗಳು ಹಡಗಿನಲ್ಲಿ ಜಗತ್ತು ಸುತ್ತಿದವು. 1890ರಲ್ಲಿ ಫ್ರಾನ್ಸಿನ ಸವೋಯ್ ಬೆಟ್ಟದ ಜೋಸೆಫ್ ಒಪಿನೆಲ್ ಅನ್ನುವವನು ಮರದ ಹಿಡಿಯ ರೈತರ ಚಾಕು ಮಾಡಿದ. ಅದರ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಅಲಗು ಬೆರಳ ಮೇಲೆ ಮುಚ್ಚಿಕೊಳ್ಳದ ಹಾಗೆ ತಡೆಯುವ ಉಂಗುರ ಸೇರಿಸಿದ್ದು 1955ರಲ್ಲಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಕೊಡಲು ಶುರು ಮಾಡಿದ. ಅವನು 1897ರಲ್ಲಿ ತಂದ ಅಧಿಕಾರಿಗಳ ಚಾಕುವೇ ನಾವೆಲ್ಲ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಕಂಡ ಕೆಂಪು ಚಾಕುವಿನ ಅಜ್ಜ. ತುಕ್ಕು ಹಿಡಿಯದ ಉಕ್ಕು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯಿಂದ 1913ರಲ್ಲಿ ಬಂತು. ನಮ್ಮ ಮನೆಗೆ ಮೊದಲ ಮಡಚು ಚಾಕು ಬಂದದ್ದು ಬೊಂಬಾಯಿಯಿಂದ. ಹೋಟೆಲ್ ಕೆಲಸಕ್ಕೆ ಹೋದ ದೊಡ್ಡಪ್ಪ ಟ್ರಂಕಿನಲ್ಲಿ ತಂದದ್ದು. ಅವರು ಅದರಲ್ಲಿ ಕಾಗದದ ಲಕೋಟೆ ಬಿಡಿಸುತ್ತಿದ್ದರೇ ಹೊರತು ಬೇರೆ ಏನೂ ಕೊಯ್ದದ್ದು ಕಾಣೆ.

ಇನ್ನು ಹೆಂಗಸರ ಅಲಗು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಅವರಿಗೆ ಅಲಗು ಇರಲಿಲ್ಲ ಅಂತ ಅಲ್ಲ. ಆದರೆ ಅದು ನೆಲಕ್ಕೆ ಕೂತ ಅಲಗು. ಮೆಟ್ಟುಕತ್ತಿ. ಒಂದು ಕಾಲಿನಲ್ಲಿ ಮೆಟ್ಟಿ, ಎರಡೂ ಕೈಯಲ್ಲಿ ಮೀನು, ತರಕಾರಿ ಹಿಡಿದು ಅಲಗಿನ ಕಡೆ ದೂಡುವುದು. ಎರಡೂ ಕೈ ಖಾಲಿ ಸಿಗುವ ಒಳ್ಳೆ ಯಂತ್ರ ಅದು, ಘಟ್ಟದ ಮೇಲೆ ಅಡಿಕೆ ಸುಲಿಯುವುದೂ ಅಂಥದ್ದರಲ್ಲೇ. ಆದರೆ ಅದನ್ನು ಸೊಂಟಕ್ಕೆ ಸಿಕ್ಕಿಸಿ ಹಿತ್ಲಿಗೆ ಹೋಗಲಿಕ್ಕೆ ಆಗುವುದಿಲ್ಲ. ಕೆಲಸವೇ ಅಲಗಿನ ಹತ್ತಿರ ಬರಬೇಕು, ಅಲಗು ಕೆಲಸದ ಹತ್ತಿರ ಹೋಗುವುದಿಲ್ಲ. ಹುಲ್ಲಿಗೆ, ಸೊಪ್ಪಿಗೆ ಹೋಗುವಾಗ ಕತ್ತಿ ಇತ್ತು, ಅದು ಮನೆಯ ಕತ್ತಿ, ಸಂಜೆ ಬಂದು ಮಾಡಿಗೆ ಸಿಕ್ಕಿಸಬೇಕು.

ಹೆಣ್ಣಿಗೆ ಅಂತಲೇ ಒಂದು ಚೂರಿ ಸಿಗುತ್ತಿದ್ದ ಒಂದು ಸಮಯ ಇತ್ತು, ಬಾಣಂತನ. ಹಳೆ ಮನೆಗಳಲ್ಲಿ ಬಾಣಂತಿಯ ತಲೆದಿಂಬಿನ ಹತ್ತಿರ ಕಬ್ಬಿಣದ ಚೂರಿಯೋ ಕತ್ತಿಯೋ ಇಡುತ್ತಿದ್ದರು, ಗಾಳಿ ಸೋಂಕು ತಾಗಬಾರದು ಅಂತ. ಅಂದರೆ ಆಯುಷ್ಯದಲ್ಲಿ ಅವಳ ಕೈಗೆ ಚೂರಿ ಕೊಟ್ಟದ್ದು, ಏನೂ ಕೊಯ್ಯಬಾರದ ಆ ನಲವತ್ತು ದಿನ! ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೇಗಿತ್ತು ಅಂದ್ರೆ, ಹದಿನಾರು ಹದಿನೇಳನೇ ಶತಮಾನದಲ್ಲಿ ಮದುವಣಗಿತ್ತಿಗೆ ಒಂದೇ ಒರೆಯಲ್ಲಿ ಎರಡು ಚೂರಿ ಉಡುಗೊರೆ ಕೊಡುವ ಕ್ರಮ ಇತ್ತು. ಅವಳು ಅದನ್ನು ನಡುಪಟ್ಟಿಗೆ ತೂಗು ಹಾಕಿಕೊಂಡು ಓಡಾಡುತ್ತಿದ್ದಳು. ಊಟಕ್ಕೂ ಅದೇ, ಕೆಲಸಕ್ಕೂ ಅದೇ. ನಮ್ಮಲ್ಲಿ ಹಲವು ಜಾತಿಗಳ ಮದುವೆಯಲ್ಲಿ ಚೂರಿ ಹಿಡಿದು ಕೂರುವವನು ಮದುಮಗ.

ಆದ್ರೆ ಒಂದು ವಿಷಯ ಮರೆಯುವ ಹಾಗಿಲ್ಲ. ನಮ್ಮ ಅಜ್ಜಿಯ ಹತ್ತಿರ ಅವರದ್ದೇ ಆದ ಸಣ್ಣ ಚೂರಿ ಇತ್ತು. ಎಲೆಸಂಚಿಯಲ್ಲಿ. ಅಡಕತ್ತರಿ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಇವುಗಳ ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಅಲಗು. ಅಡಿಕೆಯ ಸಿಪ್ಪೆ ಹೆರೆಯಲಿಕ್ಕೆ ಅಂತ ಇಟ್ಟುಕೊಂಡದ್ದು. ಆದರೆ ಅದರಲ್ಲೇ ಅವರು ಮಲ್ಲಿಗೆ ನಾರು ಸೀಳಿದ್ದು, ಬದನೆ ತೊಟ್ಟು ಕೊಯ್ದದ್ದು, ನನ್ನ ಕಾಲಿನ ಮುಳ್ಳು ತೆಗೆದದ್ದು. ಅಜ್ಜನಾಗಲಿ ಮಾವನಾಗಲಿ ಆ ಸಂಚಿಗೆ ಕೈ ಹಾಕಿದ್ದು ನಾನು ಕಾಣೆ. ಸಂಚಿ ಅಜ್ಜಿಯದ್ದು, ಆದ್ದರಿಂದ ಚೂರಿಯೂ ಅಜ್ಜಿಯದ್ದು. ನಮ್ಮ ಅಮ್ಮನ ಕಾಲಕ್ಕೆ ಎಲೆ ಹಾಕುವುದು ಕಮ್ಮಿ ಆಯಿತು, ನನ್ನ ಹೆಂಡತಿಯ ಕಾಲಕ್ಕೆ ಪೂರ್ತಿ ನಿಂತಿತು. ಹಲ್ಲಿಗೆ ಒಳ್ಳೆಯದೇ ಆಯಿತು, ಬಾಯಿಯ ಕ್ಯಾನ್ಸರಿಗೆ ಹೆದರುವವರು ಯಾರೂ ಅದು ವಾಪಸು ಬರಲಿ ಅಂತ ಹೇಳಲಿಕ್ಕಿಲ್ಲ. ಆದರೆ ಸಂಚಿಯ ಜೊತೆ ಹೆಂಗಸರ ಸ್ವಂತದ ಒಂದೇ ಒಂದು ಸಣ್ಣ ಅಲಗೂ ಮನೆಯಿಂದ ಹೊರಟುಹೋಯಿತು. ಅದರ ಜಾಗಕ್ಕೆ ಏನೂ ಬರಲಿಲ್ಲ. ಸೀರೆಗೆ ಕಿಸೆ ಇಲ್ಲ, ನೈಟಿಗೂ ಇಲ್ಲ. ಗಂಡಸಿನ ಪ್ಯಾಂಟಿಗೆ ನಾಲ್ಕು ಕಿಸೆ. "ಹ್ವಾಯ್, ನಿಮ್ ಚಾಕು ಒಂಚೂರ್ ಕೊಡಿ ಕಾಂಬ" ಅನ್ನುವ ಮಾತು ನಮ್ಮ ಮನೆಯಲ್ಲಿ ಶುರುವಾದದ್ದು ಆಗ ಅಂತ ನನ್ನ ಲೆಕ್ಕ.

ಇಲ್ಲಿ ಒಂದು ವಿಚಿತ್ರ ಇದೆ. ನಮ್ಮ ಕಡೆ ಬಂಟರು, ಬಿಲ್ಲವರು, ಮೊಗವೀರರು ಇವರಲ್ಲೆಲ್ಲ ಅಳಿಯಸಂತಾನ ಇತ್ತು. ಕುಟುಂಬದ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಕ್ರಮ. 1949ರಲ್ಲಿ ಮದರಾಸು ಸರಕಾರ ಅದಕ್ಕೆ ಕಾನೂನು ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆ ಕಟ್ಟು ಸಡಿಲವಾಯಿತು. ಆ ಮನೆಗಳಲ್ಲಿ ಗದ್ದೆ, ತೋಟ, ಮನೆ ಎಲ್ಲ ಹೆಣ್ಣಿನ ಬಳ್ಳಿಯದ್ದು. ಗಂಡ ತನ್ನ ತಾಯಿಮನೆಯ ಕುಟುಂಬದವನು, ಹೆಂಡತಿಯ ಮನೆಯ ಆಸ್ತಿಯಲ್ಲಿ ಅವನಿಗೆ ಪಾಲಿಲ್ಲ. ಅಂಥವನ ಪಾಲಿಗೆ ನಿಜವಾಗಿ ಸ್ವಂತದ್ದು ಅಂತ ಏನಿತ್ತು? ದುಡಿದ ಹಣದಲ್ಲಿ ತಕೊಂಡ ಸಣ್ಣಪುಟ್ಟ ಸಾಮಾನು. ಒಂದು ಕೊಡೆ, ಒಂದು ಟಾರ್ಚು, ಒಂದು ಚಾಕು. ಭೂಮಿ ಹೆಣ್ಣಿನ ಕಡೆಯದ್ದು, ಚಾಕು ಗಂಡಿನದ್ದು. ಹೀಗೆ ನೋಡಿದರೆ ಆ "ಎಂತಕೆ" ಒಳಗೆ ಸ್ವಲ್ಪ ಸಂಕಟವೂ ಇದೆ ಅಂತ ನನಗೆ ಅನಿಸುತ್ತದೆ. ಈಗ ಅಳಿಯಸಂತಾನ ಹೋಯಿತು, ಪಹಣಿಯಲ್ಲಿ ಗಂಡಸರ ಹೆಸರು ಬಂತು. ಚಾಕು ಮಾತ್ರ ಹಿಂದೆ ಯಾರ ಹತ್ತಿರ ಇತ್ತೋ ಅವರ ಹತ್ತಿರವೇ ಉಳಿಯಿತು.

ಕೊಡುವ ಕ್ರಮಕ್ಕೂ ಶಾಸ್ತ್ರ ಇದೆ. ಚೂರಿ, ಕತ್ತಿ ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಟ್ಟು ತಕೊಳ್ಳಬೇಕು, ಇಲ್ಲದಿದ್ದರೆ ಜಗಳ ಆಗುತ್ತದೆ ಅಂತ ಹಿರಿಯರು ಹೇಳುವುದು. ಮೂಢನಂಬಿಕೆ ಅಂತ ನಗುವವರು ನಗಲಿ. ಹರಿತದ ಅಲಗನ್ನು ಒಬ್ಬರು ಬಿಡುವ ಮೊದಲು ಇನ್ನೊಬ್ಬರು ಎಳೆದರೆ ಕೈ ಕೊಯ್ಯುತ್ತದೆ. ಜಗಳ ಅಲ್ಲಿಂದಲೇ ಶುರು. ಯುರೋಪಿನಲ್ಲಿ ಚಾಕು ಉಡುಗೊರೆ ಕೊಟ್ಟರೆ ತಕೊಂಡವರು ಒಂದು ಬಿಡಿಕಾಸು ವಾಪಸು ಕೊಡಬೇಕು, ಇಲ್ಲದಿದ್ದರೆ ಸ್ನೇಹ ಕಡಿಯುತ್ತದೆ ಅಂತ ನಂಬಿಕೆ. ಅಲಗಿನ ಜೊತೆ ಸಂಬಂಧದ ಹೆದರಿಕೆ ಎಲ್ಲ ಕಡೆ ಉಂಟು ಅಂತಾಯ್ತು.

ಕಾನೂನಿನ ವಿಷಯವನ್ನೂ ಹೇಳಿ ಮುಗಿಸ್ತೇನೆ, ಯಾಕಂದ್ರೆ ಕಿಸೆಯಲ್ಲಿ ಚಾಕು ಇಟ್ಟುಕೊಳ್ಳುವುದೇ ಅಪರಾಧ ಅಂತ ಕೆಲವರು ಹೆದರಿಸ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸಿದ್ದಾರೆ. ಅದರಲ್ಲೂ ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಸಲಕರಣೆಗಳನ್ನು ಬಿಟ್ಟಿದ್ದಾರೆ. ಮೂರಿಂಚಿನ ಕಸಿ ಚಾಕು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಂತ ಬಸ್ಸಿನಲ್ಲಿ, ಕೋರ್ಟಿನ ಬಾಗಿಲಲ್ಲಿ ತೆಗೆದು ತೋರಿಸುವ ಸಾಮಾನೂ ಅಲ್ಲ.

ಇನ್ನು ಗಂಡಸರು ದೂರುವ ಮುಖ್ಯ ವಿಷಯ, "ಕೊಟ್ಟ ಚಾಕು ಕಪ್ಪು ಮಾಡಿ ತಂದ್ಲು" ಅನ್ನುವುದು. ಬಾಳೆಯ ಕರೆ, ಅಡಿಕೆಯ ಚೊಗರು, ಎಳೆ ಗೇರು ಇವೆಲ್ಲ ಹಳೆ ನಮೂನೆಯ ಉಕ್ಕಿಗೆ ತಾಗಿದರೆ ಅಲಗು ನೀಲಿ ಕಪ್ಪಾಗುತ್ತದೆ. ಚೊಗರಿನ ಅಂಶ ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಹಿಕಮತ್ತಿನಲ್ಲಿ. ಅದು ತುಕ್ಕಲ್ಲ. ಒರೆಸಿ ಇಟ್ಟರೆ ಆ ಕಪ್ಪು ಪೊರೆ ಕೆಂಪು ತುಕ್ಕನ್ನು ಸ್ವಲ್ಪ ತಡೆಯುತ್ತದೆ ಕೂಡ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಉಪ್ಪು ಗಾಳಿ ಬೀಸುವ ನಮ್ಮೂರಿನಲ್ಲಿ ಹೊಳೆಯುವ ಉಕ್ಕು ಹೊಳೆಯುತ್ತಲೇ ಇರಲಿ ಅಂತ ಆಸೆ ಪಡುವುದೇ ತಪ್ಪು. ಕೆಲಸ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮಡಚುವ ಸಂದಿಗೆ ಒಂದು ತೊಟ್ಟು ತೆಂಗಿನೆಣ್ಣೆ ಬಿಟ್ಟರೆ ಸಾಕು. ನಿಜವಾಗಿ ಅಲಗು ಕೆಡುವುದು ಕಲ್ಲು, ತಂತಿ, ಮಣ್ಣು ತಾಗಿದಾಗ. ಒಂದು ಬದಿ ಮಸೆದ ಚಾಕುವಿನ ಎರಡೂ ಬದಿ ಮಸೆದಾಗಲೂ ಕೆಡುತ್ತದೆ, ಅದನ್ನು ಮಾಡುವವರಲ್ಲಿ ಗಂಡಸರೂ ಬೇಕಾದಷ್ಟು ಇದ್ದಾರೆ.

ನಮ್ಮ ಮನೆಯಲ್ಲಿ ಈ ವರ್ಷ ಮಳೆಗಾಲದ ಮೊದಲು ಎರಡನೇ ಚಾಕು ಮಾಡಿಸಿದ್ದೇವೆ. ಅಂಗಡಿಯದ್ದು ಬೇಡ, ಆಚಾರ್‍ರ ಹತ್ತಿರ ಮಾಡಿಸುವ ಅಂತ ಅವಳೇ ಹೇಳಿದ್ದು. ಹಳೆ ಲಾರಿಯ ಪಟ್ಟಿಯ ಉಕ್ಕು, ಹಲಸಿನ ಮರದ ಹಿಡಿ, ಹಿಡಿಯ ತುದಿಗೆ ದಾರ ಪೋಣಿಸಲು ಒಂದು ತೂತು. ಕಿಸೆ ಇಲ್ಲದ್ದಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳಲು. ನಾನು ನನ್ನ ಚಾಕು ತೆಗೆದು ಆಚಾರ್‍ರ ಮುಂದೆ ನೆಲಕ್ಕಿಟ್ಟು, "ಇದೇ ನಮೂನಿದ್ ಇನ್ನೊಂದು" ಅಂದೆ. ಅವರು ಅದನ್ನು ಎತ್ತಿ, ಅಲಗಿನ ಚಪ್ಪಟೆ ಬದಿಯನ್ನು ಹೆಬ್ಬೆರಳಲ್ಲಿ ಸವರಿ, ನನ್ನನ್ನು ಬಿಟ್ಟು ಅವಳ ಹತ್ತಿರ ಕೇಳಿದರು:

"ಅಮ್ಮ, ನೀವು ಕೊಯ್ಯುದ್ ಯಾವ ಕೈಯಗೆ?"

"ಎಡಗೈ" ಅಂದಳು.

"ಹಾಂಗಾರೆ ಇದ್ರ ಹಾಂಗೆ ಮಾಡಿರೆ ಆತಿಲ್ಲೆ. ನಿಮ್ಗೆ ಇನ್ನೊಂದ್ ಬದಿ ಮಸಿಕ್" ಅಂದು, ತಿದಿ ಒತ್ತಲು ಕೂತರು.